ಆಲದ ಮರದ ತಪ್ಪೇನು?

ಹಳೆಯ ಪದ್ಧತಿಯೊಂದನ್ನು ಯಾರಾದರೂ ಸಮರ್ಥಿಸಿದರೆ ಸಾಕು, ‘ಅಪ್ಪ ನೆಟ್ಟ ಆಲದ ಮರ’ ಎಂಬ ಮಾತು ಥಟ್ಟನೆ ಬೀಳುತ್ತದೆ. ಅಲ್ಲಿಗೆ ಚರ್ಚೆ ಮುಗಿಯಿತು. ಪರಂಪರೆಗೆ ಜೋತುಬಿದ್ದವರನ್ನು ಮೂದಲಿಸಲು ಇದಕ್ಕಿಂತ ಹರಿತವಾದ ಮಾತಿಲ್ಲವೆಂದು ಭಾಷಣಕಾರರೂ ಬರಹಗಾರರೂ ನಂಬಿದ್ದಾರೆ. ಈ ಬಳಕೆ ಗಾದೆಯನ್ನು ಅರ್ಧಕ್ಕೇ ತುಂಡರಿಸಿದೆ ಎಂಬುದು ನನ್ನ ತಕರಾರು.

ಅಪ್ಪ ನೆಟ್ಟ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೇ ಎಂದು ಗಾದೆ ಕೇಳುತ್ತದೆ. ಬೈಗುಳ ನೇಣಿಗೆ. ಮರ ಕಡಿಯಿರೆಂದು ಅದು ಹೇಳಿಲ್ಲ. ಹಿರಿಯರು ಬಿಟ್ಟುಹೋದದ್ದರಲ್ಲಿ ನೆರಳು ಯಾವುದು, ಉರುಳು ಯಾವುದು ಎಂದು ಬಿಡಿಸಿ ನೋಡುವ ವಿವೇಕ ಅದರಲ್ಲಿದೆ.

ಕೆರೆಗಳನ್ನೇ ನೋಡಿ. ಕೋಲಾರದ ಸೀಮೆಯಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತಿತ್ತು. ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡಲು ನೀರುಗಂಟಿಯಿದ್ದ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿಗೆ ಇದು ನಿಜವಾದ ನೆರಳು. ಆದರೆ ಹಲವು ಊರುಗಳಲ್ಲಿ ಆ ನೀರುಗಂಟಿ ದಲಿತ. ಎಲ್ಲರ ಗದ್ದೆಗೂ ನೀರು ಹಂಚಿದವನು ಮೇಲುಜಾತಿಯವರ ಬಾವಿಯಲ್ಲಿ ಒಂದು ಕೊಡ ನೀರು ಸೇದುವಂತಿರಲಿಲ್ಲ. ನೆರಳೂ ಉರುಳೂ ಒಬ್ಬನ ಬದುಕಿನಲ್ಲೇ ಇದ್ದವು.

ನಾವು ಮಾಡಿದ್ದೇನು? ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು ಎತ್ತಿ ತರುವ ಈ ನಗರ 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಪರದಾಡಿತು. ಇತ್ತ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಮೇಲೂ, 2021ರಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ದಲಿತ ಮಗು ಗುಡಿಯೊಳಗೆ ಹೋಯಿತೆಂದು ತಂದೆಗೆ ದಂಡ ಹಾಕಿದರು. ಮರ ಕಡಿದೆವು, ಹಗ್ಗವನ್ನು ಜೋಪಾನ ಮಾಡಿದೆವು.

ಹಳತರಲ್ಲಿ ಒಂದನ್ನು ಒಪ್ಪಿದರೆ ಅದರ ಬೆನ್ನಿಗೇ ಜಾತಿಯೂ ಒಳಗೆ ಬರುತ್ತದೆ ಎಂಬ ಆತಂಕ ಸುಳ್ಳಲ್ಲ. ಬಂದದ್ದನ್ನು ಕಂಡವರೇ ಹಾಗೆ ಹೇಳುತ್ತಾರೆ. ಆದರೆ ಪ್ರಶ್ನಿಸುವುದನ್ನೂ ನಾವು ಹಿರಿಯರಿಂದಲೇ ಕಲಿತೆವು. 12ನೇ ಶತಮಾನದ ಶರಣರು ಮೇಲುಕೀಳನ್ನು ಧಿಕ್ಕರಿಸಿದರು. ನೇಯುವ, ಮಡಕೆ ಮಾಡುವ, ಚಪ್ಪಲಿ ಹೊಲಿಯುವ ಕೈಗಳ ಕಸುಬನ್ನು ಕಾಯಕವೆಂದು ಎತ್ತಿಹಿಡಿದರು. ಅವರು ಮರಕ್ಕೆ ಕೊಡಲಿ ಹಾಕಲಿಲ್ಲ, ಉರುಳನ್ನು ಬಿಚ್ಚಿದರು.

ಗಾದೆಯನ್ನು ಬೀಸುವ ಮೊದಲೂ ‘ಹಿಂದಿನಿಂದ ಬಂದದ್ದು’ ಎಂದು ಕೈಮುಗಿಯುವ ಮೊದಲೂ ಒಂದೇ ಪ್ರಶ್ನೆ ಕೇಳೋಣ: ಈ ಪದ್ಧತಿ ಯಾರಿಗೆ ನೆರಳು, ಯಾರ ಕೊರಳಿಗೆ ಉರುಳು? ಕೊರಳು ಕೊಟ್ಟವರ ಉತ್ತರವನ್ನು ಮೊದಲು ಕೇಳಿಸಿಕೊಂಡು, ಆಮೇಲೆ ತೀರ್ಪು ಕೊಡೋಣ.