ಡ್ರೋಗ್ಬಾ ಯುದ್ಧ ನಿಲ್ಲಿಸಿದ್ದು ನಿಜವೇ?

ಐವರಿ ಕೋಸ್ಟ್ ಆಟಗಾರ ದಿದಿಯೆ ಡ್ರೋಗ್ಬಾ ಹೆಸರೆತ್ತಿದರೆ ಸಾಕು, ‘ಅಂತರ್ಯುದ್ಧ ನಿಲ್ಲಿಸಿದವನಲ್ಲವೇ’ ಎನ್ನುತ್ತಾರೆ, ಫುಟ್‌ಬಾಲ್ ನೋಡದವರೂ. ಕತೆ ಚೆನ್ನಾಗಿಯೇ ಇದೆ. ಅದನ್ನು ಹಾಗೇ ನಂಬಿದರೆ ಆಟಗಾರನಿಗೂ ಅನ್ಯಾಯ, ಅವನ ದೇಶಕ್ಕೂ ಅನ್ಯಾಯ.

2005ರ ಅಕ್ಟೋಬರ್ 8. ಸುಡಾನಿನ ಓಮ್ಡುರ್ಮನ್‌ನಲ್ಲಿ ಐವರಿ ಕೋಸ್ಟ್ ವಿಶ್ವಕಪ್ ಅರ್ಹತಾ ಪಂದ್ಯವನ್ನು 3–1ರಿಂದ ಗೆದ್ದಿತು. ಅತ್ತ ಈಜಿಪ್ಟ್ ಎದುರು ಅದೇ ಗುಂಪಿನ ಕ್ಯಾಮರೂನಿನ ಪಿಯೆರ್ ವೊಮೆ ಕೊನೇ ಗಳಿಗೆಯ ಪೆನಾಲ್ಟಿಯನ್ನು ಕಂಬಕ್ಕೆ ಹೊಡೆದ. ಐವರಿ ಕೋಸ್ಟ್‌ಗೆ ಮೊಟ್ಟಮೊದಲ ವಿಶ್ವಕಪ್ ಪ್ರವೇಶ ಒಲಿಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಮೈಕ್ ಹಿಡಿದ ಡ್ರೋಗ್ಬಾ ಉತ್ತರದವರೇ, ದಕ್ಷಿಣದವರೇ ಎಂದು ಒಂದೊಂದು ದಿಕ್ಕನ್ನೂ ಕರೆದ. ಇಡೀ ತಂಡ ಮಂಡಿಯೂರಿತು. ಕೋವಿ ಕೆಳಗಿಡಿ, ಚುನಾವಣೆ ನಡೆಸಿ ಎಂದು ಬೇಡಿಕೊಂಡಿತು. ಆ ದೃಶ್ಯದಲ್ಲಿ ನಟನೆ ನನಗೆ ಕಾಣುವುದಿಲ್ಲ.

ಆದರೆ ಶಾಂತಿ ಒಪ್ಪಂದವಾದದ್ದು 2007ರ ಮಾರ್ಚ್‌ನಲ್ಲಿ, ವಾಗಡೂಗುವಿನಲ್ಲಿ, ರಾಜಕಾರಣಿಗಳ ಮಾತುಕತೆಯಿಂದ. ಆ ಜೂನ್‌ನಲ್ಲಿ ಬಂಡುಕೋರರ ನೆಲೆಯಾಗಿದ್ದ ಬುವಾಕೆಗೆ ಮಡಗಾಸ್ಕರ್ ವಿರುದ್ಧದ ಪಂದ್ಯವನ್ನು ಒಯ್ದದ್ದರಲ್ಲಿ ಡ್ರೋಗ್ಬಾ ಪಾಲು ದೊಡ್ಡದು. ಮಂಡಿಯೂರಿದ್ದಕ್ಕಿಂತ ಇದನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಕ್ಯಾಮೆರಾ ಮುಂದೆ ಬೇಡುವುದಕ್ಕೂ ಆ ಊರಿಗೇ ಹೋಗಿ ಆಡುವುದಕ್ಕೂ ಬಹಳ ಅಂತರವಿದೆ. ಆದರೂ 2010ರ ಚುನಾವಣೆಯ ಬೆನ್ನಿಗೇ ಮತ್ತೆ ರಕ್ತ ಹರಿಯಿತು, ಸುಮಾರು 3,000 ಮಂದಿ ಸತ್ತರು. ದಂತಕತೆ ಹೇಳುವವರು ಅಷ್ಟು ದೂರ ಬರುವುದೇ ಇಲ್ಲ.

ಆಟದ ವಿಚಾರಕ್ಕೆ ಬಂದರೆ, ಅವನು ತಡವಾಗಿ ಬೆಳಗಿದವನು. ಅಬಿಜಾನ್‌ನ ಹುಡುಗ ಐದರ ವಯಸ್ಸಿನಲ್ಲೇ ಫ್ರಾನ್ಸ್ ಸೇರಿದರೂ ಚೆಲ್ಸಿಗೆ ಬಂದಾಗ 26 ತುಂಬಿತ್ತು. ಅಲ್ಲಿ 164 ಗೋಲು. ಅವನನ್ನು ಅರಿಯಲು ಒಂದೇ ರಾತ್ರಿ ಸಾಕು: ಮ್ಯೂನಿಕ್, 2012ರ ಮೇ 19, ಚಾಂಪಿಯನ್ಸ್ ಲೀಗ್ ಫೈನಲ್. ಬಯರ್ನ್ 83ನೇ ನಿಮಿಷಕ್ಕೆ ಮುಂದಾಯಿತು. 88ನೇ ನಿಮಿಷದಲ್ಲಿ ಮಾಟಾ ಕಾರ್ನರ್ ಎತ್ತಿದ. ಡ್ರೋಗ್ಬಾ ಹತ್ತಿರದ ಕಂಬದತ್ತ ನುಗ್ಗಿ, ಮಾರ್ಕ್ ಮಾಡುತ್ತಿದ್ದವನನ್ನು ಮೀರಿ ಎಗರಿ ತಲೆಯಿಂದ ಗುದ್ದಿದ. ಗೋಲ್‌ಕೀಪರ್ ನೊಯರ್ ಕೈಗೆ ತಾಗಿಯೂ ಚೆಂಡು ನಿಲ್ಲಲಿಲ್ಲ. ಹೆಚ್ಚುವರಿ ಸಮಯದಲ್ಲಿ ಅದೇ ಡ್ರೋಗ್ಬಾ ರಿಬೆರಿಯನ್ನು ಕಾಲುಕೊಟ್ಟು ಕೆಡವಿ ಪೆನಾಲ್ಟಿ ಕೊಟ್ಟ! ರಾಬೆನ್ ಹೊಡೆತವನ್ನು ಚೆಲ್ಸಿ ಗೋಲ್‌ಕೀಪರ್ ಚೆಕ್ ತಡೆಯದಿದ್ದರೆ ಈ ರಾತ್ರಿಯನ್ನು ಬೇರೆಯೇ ಥರ ಬರೆಯಬೇಕಾಗುತ್ತಿತ್ತು. ಕೊನೆಗೆ ಶೂಟೌಟ್‌ನಲ್ಲಿ ಕಪ್ ತಂದ ಒದೆತವೂ ಡ್ರೋಗ್ಬಾನದೇ.

ದೇಶದ ಪರ ಮಾತ್ರ ಈ ಅದೃಷ್ಟ ಕೈಹಿಡಿಯಲಿಲ್ಲ. 2006 ಮತ್ತು 2012ರ ಆಫ್ರಿಕಾ ಕಪ್ ಫೈನಲ್‌ಗಳೆರಡರಲ್ಲೂ ಪೆನಾಲ್ಟಿ ಕೈಚೆಲ್ಲಿದ. ಐವರಿ ಕೋಸ್ಟ್ ಕಪ್ ಎತ್ತಿದ್ದು 2015ರಲ್ಲಿ, ಅವನು ದೇಶದ ತಂಡದಿಂದ ನಿವೃತ್ತನಾದ ಮೇಲೆ.

2022ರಲ್ಲಿ ದೇಶದ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷಗಿರಿಗೆ ನಿಂತು ಮೊದಲ ಸುತ್ತಿನಲ್ಲೇ ಹೊರಬಿದ್ದ, ಮೂರನೇ ಸ್ಥಾನದಲ್ಲಿ. ಬೀದಿಯಲ್ಲಿ ಜೈಕಾರ ಹಾಕಿದವರಿಗೆ ಅಲ್ಲಿ ಮತವಿರಲಿಲ್ಲ. ಆಟಗಾರರ ಸಂಘವಂತೂ 2020ರಲ್ಲೇ ಎದುರಾಳಿಯ ಪರ ನಿಂತಿತ್ತು.