ಘನಸ್ಥಿತಿ ವಿದ್ಯುತ್ಕೋಶದ ಕ್ಯಾಥೋಡಿನಲ್ಲಿ ಆವೇಶವಹನ: ಒಂದು ವಿಮರ್ಶೆ

ಘನಸ್ಥಿತಿ ವಿದ್ಯುತ್ಕೋಶಗಳನ್ನು ಕುರಿತ ಪ್ರಬಂಧಗಳಲ್ಲಿ ಒಂದು ವಾಡಿಕೆ ಆಗಾಗ ಕಂಡುಬರುತ್ತದೆ. ಕ್ಯಾಥೋಡಿನ ಪುಡಿಯನ್ನು ಒತ್ತಿ ಬಿಲ್ಲೆ ಮಾಡುವುದು, ಅದರ ಇಂಪೀಡೆನ್ಸನ್ನು ಅಳೆಯುವುದು, ದೊರೆತ ಒಂದೇ ಅಂಕಿಯನ್ನು ‘ವಾಹಕತ್ವ’ ಎಂಬ ಹೆಸರಿನಿಂದ ಕೋಷ್ಟಕದಲ್ಲಿ ಬರೆಯುವುದು. ಅದು ಯಾವುದರ ವಾಹಕತ್ವವೆಂದು ಕೇಳದೆ ಬಿಡುವುದು ಅಲ್ಪ ಲೋಪವಲ್ಲವೆಂಬುದು ನಮ್ಮ ಅಭಿಪ್ರಾಯ.

ಕ್ಯಾಥೋಡಿನ ಪ್ರತಿಯೊಂದು ಕಣಕ್ಕೂ ಲಿಥಿಯಮ್ ಅಯಾನು ಒಂದು ದಾರಿಯಿಂದ, ಎಲೆಕ್ಟ್ರಾನು ಇನ್ನೊಂದು ದಾರಿಯಿಂದ ಬಂದು ಕೂಡಬೇಕು. ದ್ರವ ವಿದ್ಯುದ್ವಿಭಾಜ್ಯವಾದರೋ ಕಣಗಳ ಸಂದುಗಳಿಗೆಲ್ಲ ಇಳಿದು ಅಯಾನಿನ ಹಾದಿಯನ್ನು ತಾನೇ ಸುಗಮಗೊಳಿಸುತ್ತದೆ. ಘನಕೋಶದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಕಣವು ಕಣವನ್ನು ಮುಟ್ಟಿದಷ್ಟೇ ದಾರಿ. ಕಮಲಾಪುರದ ಕೆಂಪು ಬಾಳೆಯ ವ್ಯಾಪಾರ ನಡೆಯಬೇಕಾದರೆ ಹಣ್ಣೂ ಕೊಳ್ಳುವವನೂ ಒಂದೆಡೆ ಸೇರಬೇಕು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯ ಬದಿಯಲ್ಲಿ ನಿಂತು ವಾಹನಗಳನ್ನೆಲ್ಲ ಎಣಿಸಿದ ಮಾತ್ರಕ್ಕೆ ಆ ವ್ಯಾಪಾರದ ಲೆಕ್ಕ ಸಿಕ್ಕದು. ಒಟ್ಟು ವಾಹಕತ್ವದ ಅಂಕಿಯೂ ಅಂಥದೇ.

ಒಂದೇ ಅಂಕಿ ಸಾಲುವ ವಸ್ತುಗಳೂ ಉಂಟು. ಗುಲ್ಬರ್ಗಾ ವಿಶ್ವವಿದ್ಯಾಲಯದ ವಸ್ತುವಿಜ್ಞಾನ ವಿಭಾಗದಿಂದ 2003ರಲ್ಲಿ ಪ್ರಕಟವಾದ, ಪಾಲಿಅನಿಲಿನ್ ಮತ್ತು ಹಾರುಬೂದಿಯ ಮಿಶ್ರಣದ ಪರ್ಯಾಯ ವಿದ್ಯುದ್ವಹನದ ಅಧ್ಯಯನವನ್ನು ನಮ್ಮ ವಿದ್ಯಾರ್ಥಿಗಳು ನೋಡಬಹುದು. ಅಂಥ ವಸ್ತುವಿನಲ್ಲಿ ಆವೇಶವನ್ನು ಒಯ್ಯುವವು ಬಹುಮಟ್ಟಿಗೆ ಪಾಲಿಮರ್ ಸರಪಳಿಯ ಪೋಲರಾನುಗಳು. ಆ ಕ್ರಮದಲ್ಲಿ ಪಳಗಿದವನು ಅದನ್ನೇ ಎರಡು ವಾಹಕಗಳಿರುವ ಕ್ಯಾಥೋಡಿಗೆ ಅನ್ವಯಿಸಿದಾಗ ತೊಡಕು ಹುಟ್ಟುತ್ತದೆ.

ಈ ತೊಡಕು ದೊಡ್ಡವರನ್ನೂ ಬಿಟ್ಟಿಲ್ಲ. ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರಲ್ಲಿ ಲಿಥಿಯಮ್ ಕಬ್ಬಿಣ ಫಾಸ್ಫೇಟನ್ನು ಕ್ಯಾಥೋಡ್ ವಸ್ತುವಾಗಿ ಮುಂದಿಟ್ಟರು. ಅದರ ಎಲೆಕ್ಟ್ರಾನ್ ವಾಹಕತ್ವ ತೀರ ಕಡಿಮೆ, ಸೆಂಟಿಮೀಟರಿಗೆ ಸುಮಾರು 10⁻⁹ ಸೀಮೆನ್ಸ್. ನಿಯೋಬಿಯಮ್, ಜಿರ್ಕೋನಿಯಮ್ ಮೊದಲಾದವನ್ನು ಅತ್ಯಲ್ಪವಾಗಿ ಬೆರೆಸಿದರೆ ಅದು ಹತ್ತು ಕೋಟಿ ಪಟ್ಟು ಏರುತ್ತದೆಂದು ಚಿಯಾಂಗ್ ಮತ್ತು ಸಂಗಡಿಗರು 2002ರಲ್ಲಿ ಸಾರಿದರು. ಎರಡು ವರ್ಷಗಳ ಬಳಿಕ, 2004ರಲ್ಲಿ, ನಜರ್ ಮತ್ತು ಸಂಗಡಿಗರು ಬೇರೊಂದು ಕಾರಣವನ್ನು ತೋರಿಸಿದರು: ಕಾಸುವಾಗ ಕಣಗಳ ಅಂಚಿನಲ್ಲಿ ಹುಟ್ಟಿದ ಕಬ್ಬಿಣದ ಫಾಸ್ಫೈಡಿನ ಸೂಕ್ಷ್ಮ ಜಾಲವೇ ಪ್ರವಾಹವನ್ನು ಒಯ್ಯುತ್ತಿತ್ತು. ಅಳತೆ ಸರಿಯಾಗಿತ್ತು, ಅದನ್ನು ಸ್ಫಟಿಕದ ಒಳಗಿನ ಗುಣವೆಂದು ಓದಿದುದೇ ಸಂದೇಹಕ್ಕೆ ಎಡೆಯಾಯಿತು. ಈ ವಿವಾದವನ್ನು ಸ್ನಾತಕೋತ್ತರ ತರಗತಿಯಲ್ಲಿ ಪೂರ್ಣವಾಗಿ ಓದಿಸುವುದು ಉಚಿತ.

ಅಯಾನಿನ ಕಡೆಯಲ್ಲಿಯೂ ಇದೇ ಬಗೆಯ ಅವಸರವುಂಟು. ಕಾನ್ನೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಜರ್ಮೇನಿಯಮ್ ಸಲ್ಫೈಡ್ ವಿದ್ಯುದ್ವಿಭಾಜ್ಯದ ವಾಹಕತ್ವ ಕೋಣೆಯ ಉಷ್ಣತೆಯಲ್ಲಿಯೇ ಸೆಂಟಿಮೀಟರಿಗೆ 0.012 ಸೀಮೆನ್ಸ್. ಈ ಅಂಕಿಯನ್ನು ಕ್ಯಾಥೋಡಿಗೂ ಹೊಂದಿಸಿ ಮಾತನಾಡುವವರಿದ್ದಾರೆ. ಆದರೆ ಕ್ಯಾಥೋಡಿನೊಳಗೆ ಅದು ಮಿಶ್ರಣದ ಒಂದು ಪಾಲು ಮಾತ್ರ. ಅಯಾನು ಸುತ್ತಿ ಬಳಸಿ ಹೋಗಬೇಕು. ಎಲೆಕ್ಟ್ರಾನಿಗಾಗಿ ಇಂಗಾಲವನ್ನು ಹೆಚ್ಚಿಸಿದರೆ ಅಯಾನಿನ ದಾರಿ ಕಿರಿದಾಗುತ್ತದೆ, ಸಲ್ಫೈಡಿನ ಕೊಳೆಯುವಿಕೆಯೂ ಚುರುಕಾಗುತ್ತದೆ. ಕೋಬಾಲ್ಟ್ ಆಕ್ಸೈಡಿನ ಕ್ಯಾಥೋಡಿನಲ್ಲಿ ಲಿಥಿಯಮ್ ಹೊರಬಂದಂತೆ ವಸ್ತುವೇ ಲೋಹದಂತಾಗುವುದರಿಂದ, ಆವೇಶ ತುಂಬುವ ಮೊದಲಿನ ಅಂಕಿ ಆಮೇಲೆ ನಿಲ್ಲದು.

ಎರಡನ್ನೂ ಬೇರ್ಪಡಿಸುವ ಉಪಾಯ ಹೊಸದಲ್ಲ. ಹೆಬ್ 1952ರಲ್ಲಿಯೇ ಬೆಳ್ಳಿಯ ಸಲ್ಫೈಡಿನ ಮೇಲೆ ಅದನ್ನು ಪ್ರಯೋಗಿಸಿದ್ದರು. ವಾಗ್ನರ್ ಅದನ್ನು ಬೆಳೆಸಿದರು. ಬಿಲ್ಲೆಯನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಅಲ್ಪ ವೋಲ್ಟೇಜನ್ನು ಏಕಮುಖವಾಗಿ ಹಚ್ಚಿದರೆ ಅಯಾನುಗಳು ತಡೆಯಲ್ಪಡುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಸ್ಥಿರವಾಗಿ ಉಳಿಯುವ ಪ್ರವಾಹ ಎಲೆಕ್ಟ್ರಾನಿನದು. ಎರಡೂ ಬದಿಗೆ ಎಲೆಕ್ಟ್ರಾನನ್ನು ಬಿಡದ ಘನ ವಿದ್ಯುದ್ವಿಭಾಜ್ಯದ ಪದರವನ್ನೂ ಅದರಾಚೆ ಲಿಥಿಯಮ್ ಮಿಶ್ರಲೋಹವನ್ನೂ ಇಟ್ಟರೆ ಉಳಿಯುವುದು ಅಯಾನಿನದು. ಎರಡನೆಯದಕ್ಕೆ ತೇವವಿಲ್ಲದ ಆರ್ಗಾನ್ ಪೆಟ್ಟಿಗೆ ಬೇಕು. ಸಲ್ಫೈಡಿಗೆ ತೇವ ತಗುಲಿದರೆ ವಿಷಕಾರಿ ಹೈಡ್ರೊಜನ್ ಸಲ್ಫೈಡ್ ಹೊರಡುತ್ತದೆ. ಮೊದಲನೆಯದನ್ನು ಫಾಸ್ಫೇಟಿನ ಬಿಲ್ಲೆಯ ಮೇಲೆ ಸಾಧಾರಣ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ, ಸಣ್ಣ ಪ್ರವಾಹವನ್ನು ಅಳೆಯುವ ಮಾಪಕವಿದ್ದರೆ, ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು.