ಡಬ್ಬಿ ಬದಲಿಸುವ ಮುನ್ನ ನೀರಿನ ದಾರಿ ಹುಡುಕಿ

ಹಳೆಯ ಪಿಕಪ್ ಇಟ್ಟುಕೊಂಡವರ ಎದೆ ಧಸಕ್ಕೆನ್ನಿಸುವ ಮಾತೊಂದು ಈಗ ಗ್ಯಾರೇಜುಗಳಲ್ಲಿ ಓಡಾಡುತ್ತಿದೆ: ‘ಬಿಸಿಎಂ ಹೋಗಿದೆ.’ ಕ್ಲಚ್ ಹೋಗಿದೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಪ್ಪು ಡಬ್ಬಿ ಎಲ್ಲಿ ಕೂತಿರುತ್ತದೆ, ಏನು ಮಾಡುತ್ತದೆ ಎಂದು ತಿಳಿಯದವರು ಮರುಮಾತಿಲ್ಲದೆ ದುಡ್ಡು ಹೊಂದಿಸಲು ಹೊರಡುತ್ತಾರೆ. ಬೆಂಗಳೂರಿನ ತಣಿಸಂದ್ರ ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಗ್ಯಾರೇಜಿನಲ್ಲಿ ಆ ಡಬ್ಬಿ ಬದಲಿಸುವುದನ್ನು ಇತ್ತೀಚೆಗೆ ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ಕಂಡು ಬಹಳ ಕಾಲವಾಗಿತ್ತು. ಈ ವಾರದ ಅಂಕಣ ಅದಕ್ಕೇ ಮೀಸಲು.

ಡಬ್ಬಿಯ ಕೆಲಸ ಏನೆಂದು ಮೊದಲು ನೋಡೋಣ. 1988ರಲ್ಲಿ ಬಂದ ಟಾಟಾಮೊಬೈಲ್ ಕಾಲದ ಪಿಕಪ್‌ಗಳಲ್ಲಿ ಎಲ್ಲವೂ ನೇರ ವ್ಯವಹಾರ. ಸ್ವಿಚ್ ಒತ್ತಿದರೆ ಕರೆಂಟು ಸ್ವಿಚ್ ಮೂಲಕವೋ ಒಂದು ರಿಲೇ ಮೂಲಕವೋ ದೀಪಕ್ಕೆ ಹೋಗುತ್ತಿತ್ತು. ಇಂಡಿಕೇಟರ್‌ನ ಟಿಕ್ ಟಿಕ್ ಸದ್ದು ಬರುತ್ತಿದ್ದದ್ದು ನಿಜವಾದ ಫ್ಲಾಶರ್‌ನಿಂದ. ಈಗ ಸ್ವಿಚ್ ಕೊಡುವುದು ಒಂದು ಸಣ್ಣ ಸೂಚನೆ ಮಾತ್ರ. ಅದನ್ನು ಓದಿಕೊಂಡು ದೀಪ, ವೈಪರ್, ಹಾರ್ನ್, ಸೆಂಟ್ರಲ್ ಲಾಕ್, ಒಳಗಿನ ಲೈಟು ಯಾವುದಕ್ಕೆ ಎಷ್ಟು ಹೊತ್ತು ಕರೆಂಟು ಬಿಡಬೇಕು ಎಂದು ತೀರ್ಮಾನಿಸುವುದು ಬಿಸಿಎಂ. ಹಳೇ ಕಾಲದ ಶಾನುಭೋಗರ ಹಾಗೆ, ಊರಿನ ಅರ್ಜಿಯೆಲ್ಲ ಅದರ ಕೈ ದಾಟಿಯೇ ಹೋಗಬೇಕು. ಆದ್ದರಿಂದಲೇ ಊರಿನಲ್ಲಿ ಏನು ಕೆಟ್ಟರೂ ದೂರು ಮೊದಲು ಅದರ ಮೇಲೆ ಬರುತ್ತದೆ.

ನಾನು ನೋಡಿದ ಗಾಡಿ ಹತ್ತು ವರ್ಷ ದಾಟಿದ ಡಬಲ್ ಕ್ಯಾಬ್, ಹಳದಿ ಬೋರ್ಡು, ನರ್ಸರಿ ಗಿಡಗಳ ಬಾಡಿಗೆ. ವೈಪರ್ ತಾನಾಗಿ ಓಡುತ್ತಿತ್ತು, ಬಾಗಿಲುಗಳು ತಾವೇ ಲಾಕ್ ಆಗುತ್ತಿದ್ದವು, ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ದೀಪ, ವೈಪರ್ ಸರಿಯಿಲ್ಲದಿದ್ದರೆ ಎಫ್‌ಸಿ ಇಲ್ಲ, ಎಫ್‌ಸಿ ಇಲ್ಲದಿದ್ದರೆ ದುಡಿಮೆ ಇಲ್ಲ.

‘ಅಣ್ಣಾ, ಬಿಸಿಎಂ ಹೋಗಿದೆ ಅಂತಾರೆ, ಹೊಸದು ಹಾಕ್ಬಿಡಿ’ ಎಂದರು ಮಾಲೀಕರು.

‘ಇರಿ ಸಾರ್, ಮೊದ್ಲು ಅರ್ತ್ ನೋಡೋಣ’ ಎಂದರು ಮೆಕ್ಯಾನಿಕ್.

ಆ ಒಂದು ಮಾತಿಗೆ ನನಗೆ ಅವರ ಮೇಲೆ ಗೌರವ ಹುಟ್ಟಿತು. ಹೆಡ್‌ಲೈಟ್, ಬ್ಲೋಯರ್ ಎಲ್ಲ ಆನ್ ಮಾಡಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮಾಡ್ಯೂಲಿನ ಅರ್ತ್ ಪಿನ್ನಿಗೆ ಹಿಡಿದರು. ಅರ್ತ್ ಚೆನ್ನಾಗಿದ್ದರೆ ಅಲ್ಲಿ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಮೀಟರ್ 0.8 ತೋರಿಸಿತು. ಡ್ರೈವರ್ ಕಾಲಿನ ಪಕ್ಕದ ಪ್ಲಾಸ್ಟಿಕ್ ಬಿಚ್ಚಿದರೆ ಅರ್ತ್ ಬೋಲ್ಟಿನ ಸುತ್ತ ತುಕ್ಕು ಹಿಡಿದಿತ್ತು. ಉಜ್ಜಿ, ತಗಡು ಹೊಳೆಯುವಂತೆ ಮಾಡಿ, ಬಿಗಿದರು. ಹೆಡ್‌ಲೈಟ್ ಮಂಕಾಗುವುದು ಅಲ್ಲಿಗೇ ನಿಂತಿತು. ನೂರಾರು ಬಿಸಿಎಂಗಳು ಇಷ್ಟೇ ಕಾರಣಕ್ಕೆ ಗುಜರಿ ಸೇರುತ್ತಿರಬಹುದು ಎಂದು ನನ್ನ ಅನುಮಾನ.

ಆದರೆ ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟರೆ ಗಾಡಿಯ ಎಲ್ಲ ಮಾಡ್ಯೂಲ್‌ಗಳೂ ಮಲಗಬೇಕು, ಎಳೆಯುವ ಕರೆಂಟು 50 ಮಿಲಿಆಂಪಿಯರ್ ಒಳಗೆ ಬರಬೇಕು. ಇಲ್ಲಿ 600 ಇತ್ತು. ದಿನಕ್ಕೆ 14 ಆಂಪಿಯರ್-ಗಂಟೆಗೂ ಹೆಚ್ಚು ಸೋರಿದರೆ 70 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿ ಎಷ್ಟು ದಿನ ತಾಳೀತು? ಫ್ಯೂಸುಗಳನ್ನು ಕೀಳದೆ, ಪ್ರತಿ ಫ್ಯೂಸಿನ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕಿಗಳ ನಡುವಿನ ಮಿಲಿವೋಲ್ಟ್ ಅಳೆಯುತ್ತ ಹೋದರು. ಫ್ಯೂಸ್ ಕಿತ್ತರೆ ಮಲಗಿದ ಮಾಡ್ಯೂಲ್ ಎದ್ದು ಕೂತು ಲೆಕ್ಕ ತಪ್ಪಿಸುತ್ತದೆ. ಸೋರಿಕೆ ಬಿಸಿಎಂ ಫ್ಯೂಸಿನಲ್ಲೇ ಸಿಕ್ಕಿತು.

ಆಗಲೂ ಡಬ್ಬಿ ಕಳಚಲಿಲ್ಲ. ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ನೋಡಿದರು. ಬಾಷ್ ಕಂಪನಿ 1983ರಲ್ಲಿ ಕೈಹಾಕಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಲೋಕಕ್ಕೆ ತೋರಿಸಿದ, ಮಾಡ್ಯೂಲ್‌ಗಳು ತಮ್ಮೊಳಗೆ ಮಾತಾಡಿಕೊಳ್ಳುವ ಕ್ಯಾನ್ ಜಾಲದ ಎರಡು ತಂತಿಗಳು ಬರುವುದು ಅಲ್ಲಿಗೆ. ಎರಡು ತುದಿಯಲ್ಲೂ 120 ಓಮ್ ಇರುವುದರಿಂದ, ಬ್ಯಾಟರಿ ಕಳಚಿ ಅಳೆದರೆ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆ ಬಂದರೆ ತಂತಿಗಳು ಕೂಡಿಕೊಂಡಿವೆ. 60 ಬಂತು. ತಂತಿ ನಿರ್ದೋಷಿ ಎಂದು ಸಾಬೀತಾದ ಮೇಲೆ, ಬ್ಯಾಟರಿ ಕಳಚಿದ್ದಂತೆಯೇ ಬಿಸಿಎಂ ಹೊರಗೆ ಬಂತು.

ಮುಚ್ಚಳ ತೆಗೆದಾಗ ಕಂಡದ್ದನ್ನು ಹೇಳಲೇಬೇಕು. ಬೋರ್ಡಿನ ಮೇಲಿನ ಅಂಚಿನಿಂದ ನೀರು ಇಳಿದ ಗುರುತು, ಅದರ ದಾರಿಯುದ್ದಕ್ಕೂ ಹಸಿರು ಕಿಲುಬು. ಕನೆಕ್ಟರಿನ ನಾಲ್ಕು ಪಿನ್ನುಗಳು ಕಿಲುಬಿನಲ್ಲಿ ಒಂದಾಗಿದ್ದವು, ಕೂದಲೆಳೆಯ ಎರಡು ತಾಮ್ರದ ಗೆರೆಗಳು ಸವೆದುಹೋಗಿದ್ದವು. ಗಾಡಿ ನಿಲ್ಲುತ್ತಿದ್ದದ್ದು ಮನೆಯ ಮುಂದಿನ ಹೊಂಗೆ ಮರದ ಕೆಳಗೆ. ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಒಳಗೆ ಹೊಂಗೆ ಹೂ, ಎಲೆ ಕೊಳೆತು, ನೀರು ಹೋಗುವ ತೂತನ್ನು ಮುಚ್ಚಿಬಿಟ್ಟಿದ್ದವು. ಮಳೆ ನೀರು ಬೇರೆ ದಾರಿ ಹುಡುಕಿಕೊಂಡು ಡ್ಯಾಶ್‌ಬೋರ್ಡ್ ಒಳಗೆ ಇಳಿದು ಡಬ್ಬಿಯ ಮೇಲೆ ತೊಟ್ಟಿಕ್ಕಿತ್ತು. ಅರ್ತ್ ಬೋಲ್ಟಿಗೆ ತುಕ್ಕು ಹಿಡಿಸಿದ್ದೂ ಅದೇ ನೀರು. ಇದನ್ನು ಹುಡುಕದೆ ಹೊಸ ಡಬ್ಬಿ ಕೂರಿಸಿದ್ದರೆ ಮುಂದಿನ ಮುಂಗಾರಿಗೆ ಅದರ ಗತಿಯೂ ಇಷ್ಟೇ.

ಕಿಲುಬು ಕೆರೆದು, ಗೆರೆ ಜೋಡಿಸಿ ಅದೇ ಬೋರ್ಡನ್ನು ಓಡಿಸಬಹುದಿತ್ತು. ಆದರೆ ಕಿಲುಬು ಚಿಪ್‌ಗಳ ಹೊಟ್ಟೆಯ ಕೆಳಗೂ ನುಸುಳಿರುತ್ತದೆ, ಮತ್ತೆ ಮೇಲೇಳುತ್ತದೆ. ದಿನಾ ದುಡಿಯುವ ಗಾಡಿಗೆ ಅದು ಬೇಡ ಎಂದರು. ಶಿವಾಜಿನಗರದ ಗುಜರಿಯಿಂದ ಅದೇ ಪಾರ್ಟ್ ನಂಬರಿನ ಡಬ್ಬಿ ಬಂತು. ಕೊನೆಯ ಅಕ್ಷರವೂ ಹೊಂದಬೇಕು, ಇಲ್ಲವಾದರೆ ಕನೆಕ್ಟರ್ ಕೂತರೂ ಒಳಗಿನ ಲೆಕ್ಕ ಬೇರೆ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಡಬ್ಬಿಯ ತೊಡಕು ಒಂದೇ: ಅದರ ನೆನಪು ಬೇರೆ ಗಾಡಿಯದು. ಕೀಗಳ ಗುರುತು, ಈ ಗಾಡಿಗೆ ಏನೇನು ಸೌಲಭ್ಯ ಇದೆ ಎಂಬ ಪಟ್ಟಿ, ಎಲ್ಲವೂ ಈ ಮಾದರಿಯಲ್ಲಿ ಎಂಟು ಕಾಲಿನ, ಐದು ಮಿಲಿಮೀಟರ್ ಉದ್ದದ ಒಂದು ಮೆಮೊರಿ ಚಿಪ್‌ನಲ್ಲಿರುತ್ತದೆ. ಮಾಲೀಕರ ಆರ್‌ಸಿ ನೋಡಿದ ಮೇಲಷ್ಟೇ ಅದಕ್ಕೆ ಕೈ ಹಾಕಿದರು. ಕೀ ಕೆಲಸ ಮಾಡುವ ಪ್ರತಿಯೊಬ್ಬರೂ ಪಾಲಿಸಬೇಕಾದ ಶಿಸ್ತು ಇದು. ಹಳೆಯ ಚಿಪ್ಪನ್ನು ಎರಡು ಸಲ ಓದಿ, ಎರಡೂ ಫೈಲು ಒಂದೇ ಇವೆಯೇ ಎಂದು ತಾಳೆ ನೋಡಿ, ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡರು. ಆಮೇಲೆ ಬಿಸಿಗಾಳಿಯ ನಳಿಕೆ ಹಿಡಿದು, ಚಿಮಟದಲ್ಲಿ ಚಿಪ್ಪನ್ನು ಎತ್ತಿ, ಬಂದ ಬೋರ್ಡಿನ ಮೇಲೆ ಚುಕ್ಕಿಗೆ ಚುಕ್ಕಿ ಹೊಂದಿಸಿ ಕೂರಿಸಿದರು. ಒಂದೊಂದು ಕಾಲಿಗೂ ಬೆಸುಗೆ ತಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವಾಗ ಆ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ.

ಕಿಲುಬು ಹಿಡಿದ ಹಾರ್ನೆಸ್ ಪಿನ್ನುಗಳನ್ನೂ ಬದಲಿಸಿ, ಡಬ್ಬಿ ಕೂರಿಸಿ, ಬ್ಯಾಟರಿ ಕೊಟ್ಟು ಕೀ ತಿರುಗಿಸಿದರು. ಇಮ್ಮೊಬಿಲೈಸರ್ ದೀಪ ಬೆಳಗಿ ಆರಿತು, ಎಂಜಿನ್ ಹತ್ತಿತು. ಆಮೇಲಿನದು ಬಹಳ ಜನ ಬಿಟ್ಟುಬಿಡುವ ಭಾಗ: ಎರಡನೇ ಕೀ, ನಾಲ್ಕೂ ಬಾಗಿಲು, ವೈಪರಿನ ಪ್ರತಿ ವೇಗ, ಪ್ರತಿ ದೀಪ, ಮತ್ತೆ ಅರ್ಧ ಗಂಟೆ ಬಿಟ್ಟು ಸೋರಿಕೆ. 30 ಮಿಲಿಆಂಪಿಯರ್. ಕೊನೆಗೆ ಜಾಲರಿ ತೆಗೆದು ಕಸ ಬಾಚಿ, ಒಂದು ಮಗ್ ನೀರು ಸುರಿದು, ಅದು ಮುಂದಿನ ಚಕ್ರದ ಹಿಂದೆ ಇಳಿಯುವವರೆಗೆ ಕಾದರು.

ಚಿಪ್ ಎತ್ತಿ ಕೂರಿಸುವ ಈ ಉಪಾಯ ಎಲ್ಲ ಗಾಡಿಗೂ ನಡೆಯುವುದಿಲ್ಲ. ಕೆಲವು ಡಬ್ಬಿಗಳ ನೆನಪು ಮುಖ್ಯ ಪ್ರೊಸೆಸರಿನ ಒಳಗೇ ಇರುತ್ತದೆ, ಅವಕ್ಕೆ ಕಂಪನಿಯ ಸಾಫ್ಟ್‌ವೇರೇ ಬೇಕು. ನನ್ನ ತಕರಾರು ಇರುವುದು ಇಲ್ಲಿ. ಗ್ಯಾರೇಜಿನ ಹತ್ತಿರದ ನಾಗವಾರದ ಮಾನ್ಯತಾ ಪಾರ್ಕಿನಲ್ಲಿ, ಇಂಥ ಡಬ್ಬಿಗಳಿಗೆ ಚಿಪ್ ಮಾಡುವ ಎನ್‌ಎಕ್ಸ್‌ಪಿ ಕಂಪನಿಯ ಕಚೇರಿಯಿದೆ. ಆ ವಿದ್ಯೆಯೂ ಈ ಕೈಚಳಕವೂ ಒಂದೇ ಬಡಾವಣೆಯ ಆಸುಪಾಸಿನಲ್ಲಿವೆ. ಆದರೂ ಮೆಕ್ಯಾನಿಕ್ ಕೆಲಸ ಮಾಡುವುದು ತಮ್ಮದೇ ನೋಟ್‌ಬುಕ್ ನೋಡಿಕೊಂಡು: ಯಾವ ಪಿನ್ನಿಗೆ ಯಾವ ಬಣ್ಣದ ತಂತಿ, ಯಾವುದರಲ್ಲಿ ಎಷ್ಟು ವೋಲ್ಟು ಎಂದು ವರ್ಷಗಟ್ಟಲೆ ಅಳೆದು ಬರೆದದ್ದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿದ್ದು 2022ರ ಜುಲೈನಲ್ಲಿ, ಅದರ ಪೋರ್ಟಲ್ ತೆರೆದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ವಾಹನಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹತ್ತು ವರ್ಷ ತುಂಬಿದ ಮಾದರಿಗಳ ವೈರಿಂಗ್ ನಕ್ಷೆಯನ್ನೂ ಕೋಡಿಂಗ್ ಮಾಹಿತಿಯನ್ನೂ, ಆರ್‌ಸಿ ತೋರಿಸಿದ ಮಾಲೀಕರಿಗೆ ಮತ್ತು ಅವರ ಮೆಕ್ಯಾನಿಕ್‌ಗೆ, ಕೊಡಬಹುದಾದ ಬೆಲೆಗೆ ತಯಾರಕರು ಕೊಡಲೇಬೇಕು ಎಂಬ ನಿಯಮ ಬರಲಿ. ಒಬ್ಬರ ನೋಟ್‌ಬುಕ್ಕಿನಲ್ಲಿ ಮಾತ್ರ ಇರುವ ವಿದ್ಯೆ ಅವರ ಅಂಗಡಿ ಮುಚ್ಚಿದ ದಿನ ಹೋಗಿಬಿಡುತ್ತದೆ, ಅದನ್ನು ನಂಬಿಕೊಂಡ ಗಾಡಿಗಳೂ ಹಿಂದೆಯೇ ಗುಜರಿಗೆ ಹೋಗುತ್ತವೆ.